‘ಕೊಡಬೇಕಂತೆ’: ಕಾಸರಗೋಡಿನಲ್ಲಿ ಸಣ್ಣ ಬಜೆಟ್ಟಿನ ಗ್ಯಾಂಗ್‌ಸ್ಟರ್ ಸಿನಿಮಾ ಮಾಡುವುದು ಹೇಗೆ?

[ದೃಶ್ಯ: ಹೋಟೆಲಿನ ಮೇಜು, ಎರಡು ಗ್ಲಾಸ್ ಚಾ. ಒಂದು ಕೈ ಎಟಿಎಂ ಕಾರ್ಡನ್ನು ಗ್ಲಾಸಿನ ಅಡಿಗೆ ಸರಿಸುತ್ತದೆ.]

ಈ ಶಾಟಿಗೆ ಖರ್ಚು ಎರಡು ಚಾ. ಇವತ್ತಿನ ಸಂಘಟಿತ ಅಪರಾಧದ ಒಂದು ಕೊಂಡಿ ಪೂರ್ತಿ ಇದರೊಳಗಿದೆ. ಕಾಲೇಜು ಹುಡುಗ ಕೆಲವು ಸಾವಿರಕ್ಕೆ ತನ್ನ ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಕೊಡುತ್ತಾನೆ. ಎಲ್ಲೋ ಯಾರನ್ನೋ ಹೆದರಿಸಿ ದೋಚಿದ ಹಣ ಅಲ್ಲಿಗೆ ಬಂದು, ಇನ್ನೊಂದು ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ಜಾರುತ್ತದೆ. ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಮೇಲೆ ಪೊಲೀಸರು ಬಂದು ನಿಲ್ಲುವುದು ಈ ಹುಡುಗನ ಮನೆಯಂಗಳದಲ್ಲಿ. ಅವನಿಗೋ, ಕಾರ್ಡು ತಗೊಂಡವನ ಸರಿಯಾದ ಹೆಸರೂ ಗೊತ್ತಿಲ್ಲ.

ಮಚ್ಚು ಹಿಡಿದು ಸ್ಲೋ ಮೋಷನ್ನಿನಲ್ಲಿ ಬರುವ ಡಾನ್ ದುಬಾರಿ, ಹಳಬ ಕೂಡ. ದುಡ್ಡಿಲ್ಲದವರು ಅವನನ್ನು ಬಿಟ್ಟುಬಿಡಿ.

ಈ ದಂಧೆಗೆ ಹೇಳಿ ಮಾಡಿಸಿದ ಒಂದು ಪ್ರತ್ಯಯ ಕನ್ನಡದಲ್ಲಿದೆ: ‘ಅಂತೆ’. “ಕವರ್ ತಲಪಾಡಿಗೆ ಮುಟ್ಟಿಸಬೇಕಂತೆ.” ಹೇಳಿದ್ದು ಯಾರು? ವಾಕ್ಯದಲ್ಲಿ ಇಲ್ಲವೇ ಇಲ್ಲ. ನಿಮ್ಮ ಚಿತ್ರಕಥೆಯಲ್ಲಿ ಪ್ರತಿ ಅಪ್ಪಣೆಯೂ ‘ಅಂತೆ’ಯಲ್ಲೇ ಮುಗಿಯಲಿ. ಒಬ್ಬ ತುಳುವಿನಲ್ಲಿ ಕೇಳಿಸಿಕೊಂಡದ್ದನ್ನು ಮುಂದಿನವನಿಗೆ ಮಲಯಾಳದಲ್ಲಿ ದಾಟಿಸಲಿ, ಅವನು ಕನ್ನಡದಲ್ಲಿ. ಕಾಸರಗೋಡಿನಲ್ಲಿ ಇದು ದಿನದ ಸಂಗತಿ, ಬರೆಯಲು ಕಷ್ಟವಿಲ್ಲ. ಒಂದೇ ಎಚ್ಚರ: ಖಳ ಯಾರೆಂದು ಅವನ ಭಾಷೆಯಿಂದ ಗೊತ್ತಾಗುವಂತೆ ಮಾಡಬೇಡಿ. ಅದು ಸೋಮಾರಿ ಬರವಣಿಗೆ, ಊರಿಗೂ ಅನ್ಯಾಯ.

[ದೃಶ್ಯ: ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ. ರಸ್ತೆಬದಿಯ ಫಲಕ ಮಲಯಾಳದಿಂದ ಕನ್ನಡಕ್ಕೆ ಬದಲಾಗುತ್ತದೆ.]

ಕಥೆಗೆ ಗಂಟು ಬೇಕಲ್ಲ? ಕಾನೂನೇ ಕೊಡುತ್ತದೆ. ಕೇರಳದಲ್ಲಿ 2007ರ ಕಾಪಾ, ಅಂದರೆ ಸಮಾಜವಿರೋಧಿ ಚಟುವಟಿಕೆ ತಡೆ ಕಾಯ್ದೆಯ 15ನೇ ಸೆಕ್ಷನ್ನಿನಡಿ ಒಬ್ಬನನ್ನು ಒಂದು ವರ್ಷದವರೆಗೆ ಗಡೀಪಾರು ಮಾಡಬಹುದು. ಕಾಸರಗೋಡು ಜಿಲ್ಲೆಯಿಂದ ಹೊರಗೆ ಹಾಕಿದವನು ತಲಪಾಡಿ ದಾಟಿ ನೂರು ಹೆಜ್ಜೆಯಲ್ಲಿ ಕೋಣೆ ಹಿಡಿದಿದ್ದಾನೆ ಎಂದಿಟ್ಟುಕೊಳ್ಳಿ. ಅಮ್ಮನಿಗೆ ಹುಷಾರಿಲ್ಲ, ಮನೆ ಮಂಜೇಶ್ವರದಲ್ಲಿ. ಆ ನೂರು ಹೆಜ್ಜೆಯೇ ಸಿನಿಮಾ. ಇನ್ನು ಪೊಲೀಸ್ ಪಾತ್ರ 2024ರ ಜುಲೈ 1ರ ನಂತರದ ಘಟನೆಗೆ ಹಳೆಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ ಹೇಳಿದರೆ ತಪ್ಪು. ಸಂಘಟಿತ ಅಪರಾಧಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಇದೆ. ಆರ್ಥಿಕ ಅಪರಾಧ, ಸೈಬರ್ ಅಪರಾಧ ಎರಡೂ ಅದರೊಳಗೆ ಬರುತ್ತವೆ. ಸಾವು ಆಗದಿದ್ದರೂ ಕನಿಷ್ಠ 5 ವರ್ಷ ಜೈಲು, 5 ಲಕ್ಷ ದಂಡ.

ಈಗ ಶೂಟಿಂಗ್. 90 ನಿಮಿಷದ ಸಿನಿಮಾವನ್ನು 12 ದಿನದಲ್ಲಿ ಮುಗಿಸಬೇಕಾದರೆ ದಿನಕ್ಕೆ ಏಳೂವರೆ ನಿಮಿಷ ಕೈಗೆ ಬರಬೇಕು. ದಿನಕ್ಕೆ ಎರಡು ಜಾಗ ಬದಲಿಸಿದರೆ ಅದು ಆಗದ ಮಾತು. 14 ಜನಕ್ಕೆ ತಲೆಗೆ 300 ರೂಪಾಯಿಯಂತೆ ಊಟ-ಚಾ ಹಿಡಿದರೂ 12 ದಿನಕ್ಕೆ 50,400 ರೂಪಾಯಿ. ಕ್ಯಾಮೆರಾ ಬಾಡಿಗೆಗೆ ಮೊದಲು ಇದನ್ನು ತೆಗೆದಿಡಿ. ಹಸಿದ ತಂಡ ಮೂರನೇ ದಿನಕ್ಕೇ ಕೈಕೊಡುತ್ತದೆ.

ರಾತ್ರಿ ಕಾರಿನ ದೃಶ್ಯಕ್ಕೆ ಹೆದ್ದಾರಿ 66ಕ್ಕೆ ಇಳಿಯಬೇಡಿ. ಅಡಿಕೆ ಒಣಗಿಸುವ ಅಂಗಳ ಸಾಕು. ಕಾರನ್ನು ನಿಲ್ಲಿಸಿ, ಹಿಂದೆ ಮತ್ತು ಪಕ್ಕಗಳಲ್ಲಿ ಕಪ್ಪು ಬಟ್ಟೆ ಕಟ್ಟಿ. ಒಬ್ಬ ಹಳದಿ ಹಾಳೆ ಸುತ್ತಿದ ಎಲ್‌ಇಡಿ ದೀಪವನ್ನು ಮುಂದಿನಿಂದ ಹಿಂದಕ್ಕೆ ಕಾರಿನ ಮೇಲಾಗಿ ಸಾಗಿಸಲಿ: ಅದು ಬೀದಿದೀಪ. ಇನ್ನೊಬ್ಬ ಹಿಂಬದಿ ಗಾಜಿನಾಚೆ ಎರಡು ಬಿಳಿ ಟಾರ್ಚ್ ಹಿಡಿದು ನಿಧಾನ ಹತ್ತಿರ ಬರಲಿ: ಅದು ಬೆನ್ನಟ್ಟುವ ಗಾಡಿ. ಮೂರನೆಯವ ಹಿಂಬದಿ ಬಂಪರಿನಡಿ ಹಲಗೆ ಕೊಟ್ಟು ಸಣ್ಣಗೆ ಅಲುಗಿಸಲಿ. ಗಾಜಿಗೆ ನೀರು ಚಿಮುಕಿಸಿದರೆ ಮಳೆಗಾಲವೂ ಆಯಿತು, ಹೊರಗೆ ಏನೂ ಇಲ್ಲವೆಂಬುದೂ ಮುಚ್ಚಿತು. ಇದು ಕೆಡುವುದು ಎಲ್ಲಿ ಅಂದರೆ, ದೀಪ ಗಡಿಯಾರದ ಹಾಗೆ ಒಂದೇ ಲಯದಲ್ಲಿ ಬಂದಾಗ. ಒಮ್ಮೆ 4 ಸೆಕೆಂಡಿಗೆ, ಒಮ್ಮೆ 7ಕ್ಕೆ ಬರಲಿ. ಕೀ ತಿರುಗಿಸಿಡಲು ಮರೆತರೆ ಮೀಟರ್ ಬೋರ್ಡು ಕತ್ತಲಾಗಿ ಗುಟ್ಟು ರಟ್ಟಾಗುತ್ತದೆ.

ಹೋಟೆಲಿನ ಟ್ಯೂಬ್‌ಲೈಟಿನಡಿ ಸೆಕೆಂಡಿಗೆ 24 ಫ್ರೇಮಿನಂತೆ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಜ್. 1/60 ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ.

[ದೃಶ್ಯ: ಗುಡ್ಡದ ಬುಡದಲ್ಲಿ ಸುರಂಗದ ಬಾಯಿ. ತೊಟ್ಟಿಕ್ಕುವ ನೀರು.]

ಮಾಲು ಅಡಗಿಸಲು ಎಲ್ಲರಿಗೂ ಹೊಳೆಯುವ ಜಾಗ ಇದು, ನೀರಿಗಾಗಿ ಮುರಕಲ್ಲಿನಲ್ಲಿ ಕೊರೆದ ಸುರಂಗ. ಬಾಯಿಯ ಹತ್ತಿರ ಮಾತ್ರ ಶೂಟ್ ಮಾಡಿ. ಒಳಗೆ ಇಬ್ಬರು ಪಕ್ಕಪಕ್ಕ ನಿಲ್ಲಲಾಗದಷ್ಟು ಇಕ್ಕಟ್ಟು. ಕುಸಿಯಬಹುದು, ಗಾಳಿಯೂ ಕಡಿಮೆ. ಸುರಂಗ ಕೊರೆಯುವವರೇ ದೀಪದ ಉರಿ ನೋಡಿಕೊಂಡು ಒಳಗೆ ಹೋಗುವುದು. ಹೊಗೆ ಯಂತ್ರ ಅಂತೂ ಬೇಡವೇ ಬೇಡ. ಒಳಭಾಗಕ್ಕೆ 8 ಅಡಿಯ ಎರಡು ಪ್ಲೈವುಡ್ ಹಲಗೆ ತನ್ನಿ, ಗೋಣಿಚೀಲ ಹೊಡೆದು ಅಂಟು ಬೆರೆಸಿದ ಕೆಂಪುಮಣ್ಣು ಮೆತ್ತಿ, ಎರಡೂವರೆ ಅಡಿ ಅಂತರದಲ್ಲಿ ನಿಲ್ಲಿಸಿ. ಮಣ್ಣು ಪೂರ್ತಿ ಒಣಗಿದರೆ ಬಿರುಕು ಬಿಟ್ಟು ಉದುರುತ್ತದೆ, ಪ್ರತಿ ಟೇಕಿಗೂ ನೀರು ಸಿಂಪಡಿಸಿ. ಬೇಕಲ ಕೋಟೆ ಬೇಕೇ ಬೇಕೆಂದರೆ ಅದು ಪುರಾತತ್ವ ಇಲಾಖೆಯದ್ದು, ಮೊದಲೇ ಅನುಮತಿ ಬೇಕು.

ನೋಟಿನ ಕಟ್ಟಿಗೆ ಜೆರಾಕ್ಸ್ ಹೊಡೆಸಿದರೆ ನಿಜವಾದ ಕೇಸಾದೀತು. ಮೇಲೊಂದು, ಕೆಳಗೊಂದು ಅಸಲಿ 500ರ ನೋಟು, ನಡುವೆ 150 ಮಿಲಿಮೀಟರ್ ಉದ್ದ, 66 ಅಗಲಕ್ಕೆ ಕತ್ತರಿಸಿದ 98 ಖಾಲಿ ಹಾಳೆ. 20 ಕಟ್ಟಿಗೆ 20,000 ರೂಪಾಯಿ, ಸಂಜೆಗೆ ಎಲ್ಲ ವಾಪಸ್. ಹಾಳೆಯ ಅಂಚಿಗೆ ತೆಳು ಚಾ ನೀರು ಒರೆಸಿ, ಇಲ್ಲವಾದರೆ ಬಿಳಿ ಹೊಳೆಯುತ್ತದೆ.

ರಕ್ತ? ಸಕ್ಕರೆ ಪಾಕ, ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ಹತ್ತು ನಿಮಿಷದಲ್ಲಿ ಇರುವೆ ಮುತ್ತುತ್ತವೆ, ‘ಹೆಣ’ ಎದ್ದು ಕುಣಿಯುತ್ತದೆ. ಆಟಿಕೆ ಪಿಸ್ತೂಲು ಹೊರಗೆ ತೆಗೆಯುವ ದಿನ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಆ ಪತ್ರದ ಒಂದು ನಕಲು ಜೇಬಿನಲ್ಲಿರಲಿ.

ಎಲ್ಲಕ್ಕಿಂತ ಹೆಚ್ಚು ಸಿನಿಮಾಗಳು ಸೋಲುವುದು ಶಬ್ದದಲ್ಲಿ. ಕಡಲ ಗಾಳಿಗೆ ಮೈಕಿನ ಮೇಲೆ ರೋಮದ ಹೊದಿಕೆ, ತೋಟದಲ್ಲಾದರೆ ಪಂಪ್ ಬಂದ್ ಮಾಡಿಸಲು ಒಬ್ಬ ಆಳು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಬರೀ ಮೌನ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಮಾತುಗಳ ನಡುವಿನ ತೂತು ಮುಚ್ಚುವುದು ಅದರಿಂದಲೇ.

ಕೊನೆಯ ದೃಶ್ಯವನ್ನು ಕೊನೆಯ ದಿನಕ್ಕೆ ಇಡಬೇಡಿ, ಆಗ ಎಲ್ಲರ ಮುಖದಲ್ಲೂ ಸುಸ್ತು. ಐದನೇ ದಿನ, ಬೆಳಗ್ಗೆ ಮೊದಲು ತೆಗೆಯಿರಿ. ಅಲ್ಲಿ ಹುಡುಗನಿಗೆ ಸಿನಿಮಾದಲ್ಲಿ ಮೊದಲ ಬಾರಿ ಒಬ್ಬರು ಎದುರೆದುರೇ ಹೇಳುತ್ತಾರೆ: “ಕೊಡು.” ‘ಅಂತೆ’ ಇಲ್ಲ. ಹೇಳಿದವನ ಮುಖ ತೋರಿಸಬೇಡಿ. ಕೇಳಿಸಿಕೊಂಡ ಹುಡುಗನ ಮೇಲೆ 8 ಸೆಕೆಂಡ್ ಕ್ಯಾಮೆರಾ ಕದಲದೆ ನಿಲ್ಲಲಿ.

[ದೃಶ್ಯ: ಹುಡುಗನ ಮುಖ. ದೂರದಲ್ಲಿ ರೈಲಿನ ಸದ್ದು. ಕತ್ತಲು.]