ದಿನಕ್ಕೆ ಒಂದು ನಡುಗಡ್ಡೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಡಾಕ್ಟರ್. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮೂವತ್ತು ವರ್ಷ ಜ್ವರ, ಕೆಮ್ಮು, ವಾಂತಿ ನೋಡಿದವಳು. ಸೋಮವಾರ ಬೆಳಗ್ಗೆ ನನ್ನ ಬಾಗಿಲಲ್ಲಿ ಕೂತಿರುತ್ತಿದ್ದ ಮಕ್ಕಳಲ್ಲಿ ಸುಮಾರು ಜನ ಭಾನುವಾರ ಎಲ್ಲಿಗೋ ಹೋಗಿ ಬಂದವರೇ. ಹಾಗಾಗಿ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಶರಾವತಿ ಹಿನ್ನೀರಿನ ನಡುಗಡ್ಡೆಗೆ ಹೋಗುವುದು ಹೇಗೆ ಅಂತ ಮಾತಾಡಿ ಅಂದಾಗ, ಸಂತೋಷದಿಂದ ಒಪ್ಪಿಕೊಂಡೆ.

ನಾನು ಹೇಳುವುದು ಒಂದೇ ಮಾತು. ದಿನಕ್ಕೆ ಒಂದೇ ಜಾಗ. ಬೇಕಾದರೆ ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಈಗ ಎಲ್ಲರಿಗೂ ಅವಸರ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ದೋಣಿ, ಲಾಂಚು ಅಂತ ಅರವತ್ತು ವರ್ಷ ಕಾದ ತುಮರಿ ಕಡೆಯ ಜನಕ್ಕೆ ಅದು ಬೇಕೇ ಬೇಕಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಕಾರಿನಲ್ಲಿ ಬರುವ ನಮ್ಮ ಮೇಲೆ. ಲಾಂಚಿಗೆ ಕಾಯುವ ಹೊತ್ತು ಉಳಿಯಿತಲ್ಲ, ಅದಕ್ಕೆ ಇನ್ನೆರಡು ಜಾಗ ತುರುಕುತ್ತೇವೆ. ಹಿಂದಿನ ಸೀಟಿನಲ್ಲಿ ಒಂದು ಕೂಸು ಇದೆ ಅನ್ನುವುದೇ ಮರೆತುಹೋಗುತ್ತದೆ.

ನಮ್ಮ ಮನೆಯದ್ದೇ ಹೇಳುತ್ತೇನೆ. ಒಂದು ಜನವರಿಯಲ್ಲಿ ಮಗ, ಸೊಸೆ ಬೆಂಗಳೂರಿನಿಂದ ಬಂದಿದ್ದರು. ದೊಡ್ಡ ಮೊಮ್ಮಗನಿಗೆ ಆಗ ಮೂರು ವರ್ಷ, ಚಿಕ್ಕವಳಿಗೆ ಒಂದೂವರೆ. ಮಗ ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡಿದ್ದ. ಬೆಳಗ್ಗೆ ಜೋಗ, ಹತ್ತೂವರೆಗೆ ಹೊನ್ನೇಮರಡು, ಮಧ್ಯಾಹ್ನ ಸಿಗಂದೂರು, ಬರುವಾಗ ಇಕ್ಕೇರಿ, ಹೊತ್ತು ಉಳಿದರೆ ಕೆಳದಿ. ನಾನು ಸುಮ್ನೆ ಬುತ್ತಿ ಕಟ್ಟಿದೆ. ಡಾಕ್ಟರ್ ಆದರೇನು, ಮಗನ ಮುಂದೆ ಅಮ್ಮನ ಮಾತು ಎಲ್ಲಿ ನಡೆಯುತ್ತದೆ!

ಜೋಗದಲ್ಲಿ ನಾಲ್ಕು ಎಳೆ ನೀರಿತ್ತು. ಅದನ್ನು ತೋರಿಸಲಿಕ್ಕೆ ಮಲಗಿದ್ದ ಕೂಸನ್ನು ಎಬ್ಬಿಸಿದರು. ತಾಳಗುಪ್ಪದ ತನಕ ಅತ್ತಳು.

ಹೊನ್ನೇಮರಡಿನಲ್ಲಿ ತೆಪ್ಪ ಹತ್ತಿ ನಡುಗಡ್ಡೆಗೆ ಹೋದೆವು. ನಡುಗಡ್ಡೆ ಅಂದರೆ ಮತ್ತೇನಲ್ಲ, ಮುಳುಗಿದ ಗುಡ್ಡದ ನೆತ್ತಿ. ದಡದಲ್ಲಿ ಕಪ್ಪಗಾದ ಮರದ ಬೊಡ್ಡೆಗಳು, ಕೆಂಪು ಮಣ್ಣು, ಮೇಲೆ ನಾಲ್ಕಾರು ಮರ. ಮಗ ಗಡಿಯಾರ ನೋಡಿ, “ನಲವತ್ತು ನಿಮಿಷ ಸಾಕಲ್ವಾ ಅಮ್ಮ?” ಅಂದ. ಅಷ್ಟರಲ್ಲಿ ದೊಡ್ಡವನು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದ. ಅಲ್ಲಿ ಒಣ ಧೂಳಿನಲ್ಲಿ ಸಣ್ಣ ಸಣ್ಣ ಕುಳಿಗಳು. ಲಾಳಿಕೆ ಇಟ್ಟು ಒತ್ತಿದ ಹಾಗೆ, ಅಂಚು ಸ್ವಲ್ಪವೂ ಕೆಡದ ಕುಳಿಗಳು. ನೀವೂ ಮನೆಯ ಜಗಲಿ ಸಂದಿಯಲ್ಲಿ ನೋಡಿರುತ್ತೀರಿ.

ಒಂದು ಇರುವೆ ಅಂಚಿಗೆ ಬಂತು. ಕಾಲು ಜಾರಿತು. ಹತ್ತಲು ಹೋದರೆ ಕೆಳಗಿನಿಂದ ಯಾರೋ ಚಿಟಿಕೆ ಮಣ್ಣು ಎಸೆದ ಹಾಗಾಯಿತು. ಮತ್ತೆ ಜಾರಿತು. ತಳದಲ್ಲಿ ಎರಡು ಸಣ್ಣ ಕೊಂಡಿ ಕಂಡವು, ಇರುವೆ ಮಾಯ. “ಅಜ್ಜೀ, ಮಣ್ಣು ತಿಂತು!” ಅಂತ ಕೂಗಿದ. ನಾನು ಒಣ ಎಲೆಯಿಂದ ಕುಳಿಯನ್ನು ಮೆಲ್ಲಗೆ ಎತ್ತಿ, ಧೂಳು ಜಾಲಿಸಿ, ಒಳಗೆ ಅಡಗಿದ್ದ ಆಂಟ್‌ಲಯನ್ ಅನ್ನುವ ಹುಳವನ್ನು ಅಂಗೈಯಲ್ಲಿ ಇಟ್ಟು ತೋರಿಸಿದೆ. ಉದ್ದಿನ ಕಾಳಿನಷ್ಟು, ಬೂದಿ ಬಣ್ಣ. ದೊಡ್ಡದಾದ ಮೇಲೆ ಇದಕ್ಕೇ ರೆಕ್ಕೆ ಬರುತ್ತದೆ ಅಂದೆ, ನಂಬಲಿಲ್ಲ. ನೆಲಕ್ಕೆ ಬಿಟ್ಟೆ. ಅದು ಹಿಂದು ಹಿಂದಕ್ಕೆ ನಡೆಯಿತು. ಅದರ ನಡಿಗೆಯೇ ಹಾಗೆ. ಇವನೂ ಎದ್ದು ಹಿಂದು ಹಿಂದಕ್ಕೆ ನಡೆದ. ಅಣ್ಣನನ್ನು ನೋಡಿ ಚಿಕ್ಕವಳೂ ನಡೆಯಲು ಹೋಗಿ ದೊಪ್ಪೆಂದು ಕೂತಳು. ಇಬ್ಬರಿಗೂ ನಗುವೋ ನಗು.

ಒಂದೂವರೆ ಗಂಟೆ ಅಲ್ಲೇ. ಮಗ ಮೊದಲು ಅತ್ತಿತ್ತ ಓಡಾಡಿದ, ಆಮೇಲೆ ತಾನೂ ಹೊಟ್ಟೆ ಅಡಿ ಮಾಡಿ ಮಲಗಿ ಕುಳಿ ಎಣಿಸತೊಡಗಿದ. ಹದಿನೇಳು ಇದ್ದವು. ಮೊಸರನ್ನ ಉಂಡು ಮಕ್ಕಳು ಕಂಬಳಿ ಮೇಲೆ ನಿದ್ದೆ ಹೋದವು. ಸಿಗಂದೂರು ಬಿಟ್ಟೆವು, ಇಕ್ಕೇರಿ ಬಿಟ್ಟೆವು. ಕೆಳದಿ ಐನೂರು ವರ್ಷದಿಂದ ಅಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ.

ಒಂದೂವರೆ ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಐದು ಜಾಗ ಸುತ್ತಿದರೆ ಅದು ಎಲ್ಲಿಂದ ಬರಬೇಕು ಹೇಳಿ? ದಿನಕ್ಕೆ ಒಂದೇ ಜಾಗ.

ಅಯ್ಯೋ, ಹುಳದ ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಲೈಫ್ ಜಾಕೆಟ್. ದೊಡ್ಡವರದ್ದನ್ನು ಮಗುವಿಗೆ ಬಿಗಿದು ಕಟ್ಟಿದರೆ ಆಗುವುದಿಲ್ಲ. ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಜಾಕೆಟ್ಟನ್ನೇ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ, ಕಿವಿ ದಾಟಿ ಮೇಲೆ ಬಂದರೆ ಅದು ನೀರಿನಲ್ಲೂ ಕಳಚಿಕೊಳ್ಳುತ್ತದೆ. ಅಳತೆಯದ್ದು ಸಿಗದಿದ್ದರೆ ತೆಪ್ಪ ಹತ್ತಬೇಡಿ, ದಡದಲ್ಲೇ ಆಡಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ. ದಡದ ಕೆಸರೂ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಹೂತುಕೊಳ್ಳುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆ ಸಿಗುವಷ್ಟು ಹತ್ತಿರ. ಫೋಟೊ ಆಮೇಲೆ. ಕುಡಿಯಲು ಮನೆಯಿಂದ ಕಾಯಿಸಿ ಆರಿಸಿದ ನೀರು. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಹತ್ತಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಮೆಲ್ಲಗೆ ಸರಿಸಿ. ಟೋಪಿ ಮರೆಯಬೇಡಿ.

ತೆಪ್ಪವೇ ಭಯ ಅನ್ನುವವರು ಮಂಡಗದ್ದೆಗೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುಗಡ್ಡೆಯ ತುಂಬ ಬೆಳ್ಳಕ್ಕಿ, ನೀರುಕಾಗೆ. ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ, ದಡದಲ್ಲೇ ನಿಂತು ನೋಡಬಹುದು. ಸಕ್ರೆಬೈಲು ಆನೆ ಬಿಡಾರವೂ ಅದೇ ದಾರಿಯಲ್ಲಿ ಇದೆಯಲ್ಲ ಅಂತ ನೀವು ಈಗಲೇ ಲೆಕ್ಕ ಹಾಕುತ್ತಿದ್ದೀರಿ, ನನಗೆ ಗೊತ್ತು. ಬೇಡ. ಆನೆಗೆ ಇನ್ನೊಂದು ಭಾನುವಾರ ಇಟ್ಟುಕೊಳ್ಳಿ. ನಮಸ್ಕಾರ.