ಹಾಸ್ಟೆಲ್ ಹಿಂದಿನ ಹೊಂಗೆ ಮರ

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ನಿಮ್ಮ ಹಾಸ್ಟೆಲ್ ಹಿಂದೆ ಹೋಗಿದ್ದೆ. ಜನರೇಟರ್ ಶೆಡ್ ಪಕ್ಕದಲ್ಲಿ ಒಂದು ಹೊಂಗೆ ಮರ ಇದೆ. ಹೊಗೆ ಕೊಳವೆಯ ಕಡೆಗಿದ್ದ ಒಂದು ಎಲೆಯನ್ನು ಬೆರಳಿನಿಂದ ಒರೆಸಿದೆ. ನೋಡಿ, ಬೆರಳು ಇನ್ನೂ ಕಪ್ಪಗಿದೆ. ಆಚೆ ಕಡೆಯ ಎಲೆಗಳ ಮೇಲೆ ಬರೀ ಧೂಳು. ಮರದಿಂದ ಹತ್ತು ಹೆಜ್ಜೆಗೆ ರೂಮಿನ ಕಿಟಕಿ. ಆ ರೂಮಿನಲ್ಲಿ ಮಲಗುವವರು ಇಲ್ಲೇ ಎಲ್ಲೋ ಕೂತಿದ್ದೀರಿ, ಅಲ್ವಾ?

ಆ ಮಸಿ ಅಂದರೆ ಪೂರ್ತಿ ಉರಿಯದ ಡೀಸೆಲ್. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ದೊಡ್ಡ ಜನರೇಟರನ್ನು ಸಣ್ಣ ಲೋಡಿಗೆ ಓಡಿಸಿದರೆ ತೊಂದರೆ ಇನ್ನೂ ಜಾಸ್ತಿ. ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ರಾತ್ರಿ ಕರೆಂಟ್ ಹೋದಾಗ ನಾಲ್ಕು ಫ್ಯಾನು, ಹತ್ತು ಲೈಟಿಗಾಗಿ ಆ ದೊಡ್ಡ ಯಂತ್ರ ಗುಡುಗುತ್ತದಲ್ಲ, ಆಗ ನಡೆಯುವುದು ಇದೇ.

ಒಂದು ಲೀಟರ್ ಡೀಸೆಲ್ ತೂಕ ಹೆಚ್ಚುಕಮ್ಮಿ 830 ಗ್ರಾಂ. ಅದು ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.7 ಕಿಲೋ! ಗಾಳಿಯಲ್ಲಿರುವ ಆಮ್ಲಜನಕವೂ ಸೇರಿಕೊಳ್ಳುವುದರಿಂದ ತೂಕ ಅಷ್ಟು ಏರುತ್ತದೆ. ಇಷ್ಟೆಲ್ಲಾ ಆಗಿ ನಮಗೆ ಸಿಗುವುದು ಮೂರು, ಮೂರೂವರೆ ಯೂನಿಟ್ ಕರೆಂಟ್.

ಈಗ ತಾರಸಿಗೆ ಬನ್ನಿ. ನೂರು ಚದರ ಅಡಿ ಜಾಗದಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ಕೂರುತ್ತದೆ. ಬೆಂಗಳೂರಿನಲ್ಲಿ ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮಾರ್ಚಿನಲ್ಲಿ ಜಾಸ್ತಿ, ಜುಲೈ ಮೋಡದಲ್ಲಿ ಕಮ್ಮಿ. ಪ್ಯಾನೆಲ್ ಕಾದಷ್ಟೂ ಅದರ ಕೆಲಸ ಕುಗ್ಗುತ್ತದೆ. ಅದಕ್ಕೆ ಬಿಸಿಲು ಬೇಕು, ಸೆಕೆ ಬೇಡ. ನಮ್ಮ ಊರಿನ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ತುಂಬಾ ಕಡೆ ಎಡವುವುದು ಇಲ್ಲೇ. ನಾನು ಕೆಲಸ ಮಾಡಿದ ಒಂದು ಕ್ಯಾಂಪಸ್‌ನಲ್ಲಿ ತಾರಸಿ ತುಂಬಾ ಪ್ಯಾನೆಲ್ ಹಾಕಿದರು. ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು, ಸೋಲಾರ್ ಕೂಡ ನಿಂತುಹೋಯಿತು, ಜನರೇಟರ್ ಶುರುವಾಯಿತು. ಎಲ್ಲರಿಗೂ ಆಶ್ಚರ್ಯ. ಯಾವುದೂ ಕೆಟ್ಟಿರಲಿಲ್ಲ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ಹೊರಗಿನ ಕರೆಂಟ್ ಲೈನಿಗೆ, ಜೋಡಿಸಿದ ಸೋಲಾರ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಸೋಲಾರ್ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಹುದು. ಅವರ ಜೀವ ಮುಖ್ಯ.

ಹಾಗಾಗಿ ಸುಮ್ನೆ ಪ್ಯಾನೆಲ್ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆ, ಆ ಹೊಂಗೆ ಎಲೆ ಕಪ್ಪಾಗಿಯೇ ಇರುತ್ತದೆ. ಕರೆಂಟ್ ಹೋದಾಗ ಏನೇನು ನಡೆಯಲೇಬೇಕು ಎಂದು ಮೊದಲು ಬರೆದುಕೊಳ್ಳಿ. ಲೈಟು, ಫ್ಯಾನು, ವೈಫೈ, ಲ್ಯಾಬಿನ ಫ್ರಿಜ್ಜು. ಇವಕ್ಕೆ ಬೇರೆ ವೈರಿಂಗ್ ಮಾಡಿ, ಲೈನಿನಲ್ಲಿ ಕರೆಂಟ್ ಇಲ್ಲದಾಗಲೂ ಸೋಲಾರ್, ಬ್ಯಾಟರಿಯಿಂದ ನಡೆಸುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಕೊಡಿ. ಬೆಂಕಿ ಆರಿಸುವ ಪಂಪಿಗೆ ಜನರೇಟರ್ ಇರಲಿ, ಬೇಡ ಎನ್ನುವುದಿಲ್ಲ.

ಸೋಲಾರ್‌ನಿಂದಲೂ ಕಸ ಬರುತ್ತದೆ. ಹಳೆಯ ಬ್ಯಾಟರಿಯ ಸೀಸ ಮಣ್ಣಿಗೆ ಸೇರಿದರೆ ವಿಷ. ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಪ್ಯಾನೆಲ್‌ಗಳನ್ನೂ ನಮ್ಮ ದೇಶದ 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೇರಿಸಿದ್ದಾರೆ.

ನಿಮ್ಮ ಎಲೆಕ್ಟ್ರಿಷಿಯನ್ ಅಣ್ಣ ಜನರೇಟರ್ ಲಾಗ್ ಪುಸ್ತಕ ತಂದಿದ್ದಾರೆ. ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಹಾಕಿದರು, ಎಲ್ಲಾ ಅವರ ಕೈಬರಹದಲ್ಲೇ ಇದೆ. ಪೆನ್ನು ತೆಗೆದುಕೊಳ್ಳಿ, ಹೋದ ತಿಂಗಳಿನಿಂದ ಲೆಕ್ಕ ಶುರುಮಾಡೋಣ.