ನೋವಿಲ್ಲದ ಕೀಲಿಗೂ ಎಕ್ಸ್‌ರೇ ಬೇಕು

ಹಿರಿಯರೇ, ತಾಯಂದಿರೇ, ಸ್ನೇಹಿತರೇ,

ಸೊಂಟದ ಕೀಲು ಬದಲಾಯಿಸಬೇಕು ಎಂದು ಹೇಳಿದ ತಕ್ಷಣ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟರೇ, ಎಷ್ಟು ವರ್ಷ ಬಾಳಿಕೆ ಬರುತ್ತದೆ?" ಎಂಬುದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್ ದೇಶಗಳು ಇಂಥ ಪ್ರತಿಯೊಂದು ಶಸ್ತ್ರಚಿಕಿತ್ಸೆಯನ್ನೂ ದಾಖಲೆಯಲ್ಲಿ ಬರೆದಿಡುತ್ತವೆ. ಆ ದಾಖಲೆಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕವೊಂದು 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಾಕಿದ ನೂರು ಕೀಲುಗಳಲ್ಲಿ 15 ವರ್ಷದ ನಂತರ ಸುಮಾರು 89, 20 ವರ್ಷದ ನಂತರ 70, 25 ವರ್ಷದ ನಂತರ 58 ಕೀಲುಗಳು ಇನ್ನೂ ಕೆಲಸ ಮಾಡುತ್ತಿದ್ದವು. ಇವು ಎರಡು ದಶಕಗಳ ಹಿಂದಿನ ಸಾಮಗ್ರಿಯಿಂದ ಮಾಡಿದ ಕೀಲುಗಳು ಎಂಬುದು ನೆನಪಿರಲಿ. ಈಗ ಬಳಸುವ ಪ್ಲಾಸ್ಟಿಕ್ ಅದಕ್ಕಿಂತ ಬಹಳ ಕಡಿಮೆ ಸವೆಯುತ್ತದೆ.

ವಯಸ್ಸಿನ ಮೇಲೂ ಬಹಳಷ್ಟು ನಿಂತಿದೆ. ಬ್ರಿಟನ್ನಿನಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, 70 ದಾಟಿದ ಮೇಲೆ ಕೀಲು ಬದಲಾಯಿಸಿಕೊಂಡವರಲ್ಲಿ ನೂರಕ್ಕೆ ಐವರಿಗೆ ಮಾತ್ರ ಜೀವಮಾನದಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ಕಂಡುಬಂತು. ಐವತ್ತರ ಆಸುಪಾಸಿನ ಗಂಡಸರಲ್ಲಿ ಆ ಸಂಖ್ಯೆ 35ರವರೆಗೆ ಏರಿತು. ಚಿಕ್ಕ ವಯಸ್ಸಿನವರು ಹೆಚ್ಚು ಓಡಾಡುತ್ತಾರೆ, ಹೆಚ್ಚು ವರ್ಷ ಬದುಕುತ್ತಾರೆ.

ಇದು ನಮಗೆ ಯಾಕೆ ಮುಖ್ಯ? ಪಾಶ್ಚಾತ್ಯ ದೇಶಗಳಲ್ಲಿ ಈ ಚಿಕಿತ್ಸೆಗೆ ಬರುವವರು ಹೆಚ್ಚಾಗಿ ವಯಸ್ಸಾಗಿ ಕೀಲು ಸವೆದವರು. ನಮ್ಮಲ್ಲಿ ಮೂವತ್ತು, ನಲವತ್ತರ ಪ್ರಾಯದವರೂ ಬರುತ್ತಾರೆ. ಅವರಲ್ಲಿ ಅನೇಕರಿಗೆ ಇರುವುದು ಎವಿಎನ್. ರಕ್ತ ಪೂರೈಕೆ ನಿಂತು ತೊಡೆಮೂಳೆಯ ತಲೆ ಸಾಯುವ ಕಾಯಿಲೆ ಅದು. ಮದ್ಯಪಾನ, ದೀರ್ಘಕಾಲ ಸ್ಟೆರಾಯ್ಡ್ ಸೇವನೆ, ಹಳೆಯ ಪೆಟ್ಟು, ಹೀಗೆ ಕಾರಣಗಳು ಹಲವು. ಕೋವಿಡ್ ಚಿಕಿತ್ಸೆಯಲ್ಲಿ ಸ್ಟೆರಾಯ್ಡ್ ಪಡೆದವರಿಗೆ ಎವಿಎನ್ ಬಂದದ್ದನ್ನು ಇಲ್ಲೇ ಮುಂಬಯಿಯ ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ನಲವತ್ತರಲ್ಲಿ ಹೊಸ ಕೀಲು ಪಡೆದು, ಹೋಟೆಲಿನ ಗಲ್ಲೆಗೂ ಅಡುಗೆಮನೆಗೂ ಮಧ್ಯೆ ದಿನವಿಡೀ ಓಡಾಡುವ ಮನುಷ್ಯ ಆ ಕೀಲಿನಿಂದ ಮೂವತ್ತು, ನಲವತ್ತು ವರ್ಷಗಳ ಕೆಲಸ ಬಯಸುತ್ತಾನೆ. ಅವನಿಗೆ ಶಸ್ತ್ರಚಿಕಿತ್ಸೆಯ ದಿನ ಎಷ್ಟು ಮುಖ್ಯವೋ ಆಮೇಲಿನ ವರ್ಷಗಳೂ ಅಷ್ಟೇ ಮುಖ್ಯ.

ಕೀಲು ಕೆಡುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಈ ಚಿಕಿತ್ಸೆಗೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಅವರು ಮೊದಲು, ಕೀಲಿನ ಗುಂಡು ಕೂರುವ ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಜಾರುವುದಕ್ಕೆ ಅದು ಬಹಳ ಒಳ್ಳೆಯದು. ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು, ಉದುರಿದ ಕಣಗಳಿಗೆ ಸುತ್ತಲಿನ ಮಾಂಸಖಂಡ ಕೆರಳಿತು. ಚಾರ್ನ್ಲಿ ಆ ಟೆಫ್ಲಾನ್ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಅಲ್ಲಿ ಗಂಟು ಕಟ್ಟಿತು. 1962ರಲ್ಲಿ ಅವರು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲಿಗೆ ಬದಲಾದರು. ಇಂದಿಗೂ ಬಹುಪಾಲು ಕೀಲುಗಳು ಅದೇ ದಾರಿಯಲ್ಲಿವೆ: ತೊಡೆಮೂಳೆಯೊಳಗೆ ಲೋಹದ ಕಡ್ಡಿ, ಅದರ ತುದಿಯಲ್ಲಿ ಗುಂಡು, ಗುಂಡು ತಿರುಗಲು ಪ್ಲಾಸ್ಟಿಕ್ ಒಳಪದರವಿರುವ ಬಟ್ಟಲು.

ಆ ಒಳಪದರ ವರ್ಷವರ್ಷವೂ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳನ್ನು ಬಿಡುತ್ತದೆ. ದೇಹದ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾಗದೆ ಕೆರಳುತ್ತವೆ, ಆ ಕೆರಳಿಕೆಯಲ್ಲಿ ಪಕ್ಕದ ಮೂಳೆ ಕರಗುತ್ತದೆ. ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ಎರಡು ಸಂಗತಿ ಕಾಣುತ್ತವೆ. ಒಂದು, ಬಟ್ಟಲಿನ ನಡುವೆ ಇರಬೇಕಾದ ಗುಂಡು ತುಸು ಮೇಲಕ್ಕೆ ಸರಿದಿರುತ್ತದೆ. ಇನ್ನೊಂದು, ಬಟ್ಟಲಿನ ಹಿಂದೆ, ಬಿಳಿಯಾಗಿರಬೇಕಾದ ಮೂಳೆಯಲ್ಲಿ ಕಪ್ಪು ಮಚ್ಚೆಗಳು. ಆ ಹೊತ್ತಿನಲ್ಲಿ ರೋಗಿಗೆ ಒಂದಿಷ್ಟೂ ನೋವಿರುವುದಿಲ್ಲ. ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾರೆ. ಗೆದ್ದಲು ಹಿಡಿದ ಜಂತಿಯ ಹಾಗೆ, ಹೊರಗೆಲ್ಲ ಸರಿಯಾಗಿಯೇ ಕಾಣುತ್ತದೆ. ನೋವು ಶುರುವಾಗುವುದು ಕಡ್ಡಿಯೋ ಬಟ್ಟಲೋ ಸಡಿಲವಾದ ಮೇಲೆ ಅಥವಾ ಮೂಳೆ ಮುರಿದ ಮೇಲೆ.

ಆದ್ದರಿಂದ ನನ್ನ ಸಲಹೆ: ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ತುಂಬಿದಾಗ ಒಮ್ಮೆ, ಐದಾರು ವರ್ಷ ತುಂಬಿದಾಗ ಮತ್ತೊಮ್ಮೆ, ಹತ್ತು ವರ್ಷ ದಾಟಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿಕೊಳ್ಳಿ. ನೋವಿಲ್ಲದಿದ್ದರೂ ತೆಗೆಸಿಕೊಳ್ಳಿ. ಬೇಗ ಗೊತ್ತಾದರೆ, ಎಷ್ಟೋ ಸಲ ಬಟ್ಟಲಿನ ಒಳಪದರವನ್ನು ಮತ್ತು ಗುಂಡನ್ನು ಮಾತ್ರ ಬದಲಾಯಿಸಿ, ಮೂಳೆಗೆ ಕಚ್ಚಿಕೊಂಡ ಭಾಗಗಳನ್ನು ಹಾಗೆಯೇ ಉಳಿಸಬಹುದು. ತಡವಾದರೆ ಇಡೀ ಕೀಲನ್ನು ಕಿತ್ತು, ಕರಗಿದ ಮೂಳೆಯ ಜಾಗ ತುಂಬಿ, ಹೊಸದಾಗಿ ಕೂರಿಸಬೇಕು. ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ದೀರ್ಘ. ಅದರಲ್ಲಿ ರಕ್ತ ನಷ್ಟ ಹೆಚ್ಚು, ಸೋಂಕಿನ ಭಯವೂ ಹೆಚ್ಚು.

ಇಲ್ಲಿ ಮುಂಬಯಿ ಕನ್ನಡಿಗರ ಒಂದು ತೊಂದರೆಯನ್ನು ಹೇಳಲೇಬೇಕು. ನಮ್ಮ ಜನ ಶಸ್ತ್ರಚಿಕಿತ್ಸೆಯನ್ನು ಈ ನಗರದಲ್ಲಿ ಮಾಡಿಸಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಕುಂದಾಪುರಕ್ಕೋ ಕಾರ್ಕಳಕ್ಕೋ ಹೋಗಿ ನೆಲೆಸುತ್ತಾರೆ. ಕಾಗದಪತ್ರ ಮಾತ್ರ ಡೊಂಬಿವಲಿಯ ಫ್ಲಾಟಿನ ಅಟ್ಟದಲ್ಲಿ ಉಳಿಯುತ್ತದೆ. ಹತ್ತು ವರ್ಷದ ನಂತರ ಊರಿನ ವೈದ್ಯರ ಮುಂದೆ ಕುಳಿತಾಗ ಯಾವ ಕಂಪನಿಯ ಕೀಲು, ಯಾವ ಅಳತೆ ಎಂದು ಹೇಳಲು ಯಾರಿಗೂ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಒಳಪದರವೊಂದನ್ನೇ ಬದಲಾಯಿಸುವ ಸುಲಭದ ದಾರಿಯೂ ಮುಚ್ಚಿಹೋಗಬಹುದು, ಏಕೆಂದರೆ ಒಂದು ಕಂಪನಿಯ ಒಳಪದರ ಇನ್ನೊಂದರ ಬಟ್ಟಲಿಗೆ ಕೂರುವುದಿಲ್ಲ.

ಯಾವ ಕೀಲು ಎಂದು ತಿಳಿದಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಎಎಸ್‌ಆರ್ ಎಂಬ ಕೀಲನ್ನು ಅದರ ತಯಾರಕರು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಲೋಹದ ಕಣಗಳು ಸುತ್ತಲಿನ ಮಾಂಸವನ್ನು ಹಾಳುಮಾಡುತ್ತಿದ್ದವು, ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಏರುತ್ತಿದ್ದವು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಕೀಲು ಬಳಕೆಯಾಗಿತ್ತು. ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿತು, ಪರಿಹಾರದ ಮಾತೂ ಬಂತು. ಆದರೆ ಬಹುಪಾಲು ರೋಗಿಗಳನ್ನು ಪತ್ತೆಹಚ್ಚಲಾಗಲಿಲ್ಲ. ತಮ್ಮ ಸೊಂಟದಲ್ಲಿರುವುದು ಆ ಕೀಲೇ ಎಂದು ತಿಳಿಯದವರು ಇಂದಿಗೂ ಇರಬಹುದು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಕೀಲಿನ ಪ್ರತಿಯೊಂದು ಭಾಗದ ಡಬ್ಬಿಯ ಮೇಲೂ ಸಣ್ಣ ಸ್ಟಿಕರ್‌ಗಳಿರುತ್ತವೆ. ಕಂಪನಿಯ ಹೆಸರು, ಅಳತೆ, ಲಾಟ್ ಸಂಖ್ಯೆ ಎಲ್ಲ ಅದರಲ್ಲಿದೆ. ಒಂದು ಪ್ರತಿ ಆಸ್ಪತ್ರೆಯ ಕಡತಕ್ಕೆ ಹೋಗುತ್ತದೆ. ಇನ್ನೊಂದನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿ ಕೊಡಿ ಎಂದು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಮೊಬೈಲಿನಲ್ಲಿ ಫೋಟೊ ತೆಗೆದು ಮಕ್ಕಳಿಗೂ ಕಳುಹಿಸಿ, ಏಕೆಂದರೆ ಶಾಯಿ ಮಾಸುತ್ತದೆ.

ಇನ್ನು, ನೆಲದ ಮೇಲೆ ಕೂರುವ ವಿಚಾರ. ಊರಿನ ದೇವಸ್ಥಾನದಲ್ಲಿ ಅನ್ನಸಂತರ್ಪಣೆ, ಪಂಕ್ತಿಯಲ್ಲಿ ಕೂರದಿದ್ದರೆ ಹೇಗೆ ಎಂದು ಅನೇಕ ಹಿರಿಯರು ಕೊರಗುತ್ತಾರೆ. ಕೀಲನ್ನು ಹಿಂಭಾಗದಿಂದ ತೆರೆದು ಹಾಕಿದ್ದರೆ, ತೊಡೆಯನ್ನು ಬಹಳ ಮಡಚಿ ಒಳಕ್ಕೆ ತಿರುಗಿಸಿದಾಗ ಗುಂಡು ಬಟ್ಟಲಿನಿಂದ ಜಾರಬಹುದು. ಈ ಭಯ ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು. ಆಮೇಲೆ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಈಗ ದೊಡ್ಡ ಗುಂಡುಗಳನ್ನು ಬಳಸುವುದರಿಂದ ಕೆಲವರಿಗೆ ಚಕ್ಕಳಮಕ್ಕಳ ಹಾಕಲು ಅನುಮತಿ ಸಿಗುತ್ತದೆ, ಕೆಲವರಿಗೆ ಇಲ್ಲ. ಅದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು, ಪಕ್ಕದ ಮನೆಯವರ ಅನುಭವ ನಿಮಗೆ ಅನ್ವಯಿಸುವುದಿಲ್ಲ. ಊರಿನ ಮನೆಯಲ್ಲಿ ಇನ್ನೂ ಕುಕ್ಕರಗಾಲಿನ ಶೌಚಾಲಯವೇ ಇದ್ದರೆ, ನೀವು ಹೋಗಿ ನೆಲೆಸುವ ಮೊದಲು ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿಕೆ ಜೋಡಿಸಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳವನ್ನು ಉಜ್ಜಿಸಿ. ಜಾರಿಬಿದ್ದು ಕಡ್ಡಿಯ ಸುತ್ತಲಿನ ಮೂಳೆ ಮುರಿದರೆ ಅದನ್ನು ಜೋಡಿಸುವುದು ಬಹಳ ಕಷ್ಟದ ಕೆಲಸ.

ಸೋಂಕು ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷದ ಮೇಲೂ ಬರಬಹುದು. ಹಲ್ಲಿನ ಬುಡದ ಕೀವು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಇವುಗಳಿಂದ ರಕ್ತದ ಮೂಲಕ ಕೀಲಿಗೆ ತಲುಪುತ್ತದೆ. ಇವನ್ನು ಸಣ್ಣದೆಂದು ಬಿಡಬೇಡಿ. ಕೀಲು ನೋವು, ಜ್ವರ, ಹಳೆಯ ಗಾಯದಲ್ಲಿ ಸೋರಿಕೆ ಕಂಡರೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಕೀಲಿನ ದ್ರವ ತೆಗೆದು ಪರೀಕ್ಷಿಸುವ ಮೊದಲೇ ಮಾತ್ರೆ ಹೊಟ್ಟೆಗೆ ಹೋದರೆ ಯಾವ ರೋಗಾಣು ಎಂಬುದು ಪ್ರಯೋಗಾಲಯಕ್ಕೂ ತಿಳಿಯದೆ ಹೋಗಬಹುದು. ತೊಡೆಸಂದಿಯಲ್ಲಿ ಅಥವಾ ತೊಡೆಯ ನಡುವೆ ಹೊಸದಾಗಿ ನೋವು ಬಂದರೆ, ಅದರಲ್ಲೂ ಕುಳಿತು ಏಳುವಾಗ ಮೊದಲ ಕೆಲವು ಹೆಜ್ಜೆಗಳಲ್ಲಿ ಚುಚ್ಚಿದರೆ, ಅದೇ ವಾರ ತೋರಿಸಿ.

ಊರಿನಲ್ಲಿ ಎಕ್ಸ್‌ರೇ ತೆಗೆಸುವಾಗ ಎರಡೂ ಸೊಂಟ ಒಂದೇ ಚಿತ್ರದಲ್ಲಿ ಬರಲಿ, ಕಡ್ಡಿಯ ಕೆಳತುದಿಯವರೆಗೆ ಪೂರ್ತಿ ಕಾಣಲಿ ಎಂದು ತಂತ್ರಜ್ಞರಿಗೆ ಹೇಳಿ. ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಗುಂಡು ಸರಿದಿದೆಯೋ ಇಲ್ಲವೋ ತಿಳಿಯುವುದು. ಇವತ್ತು ಹಳೆಯ ಎಕ್ಸ್‌ರೇ ತಂದವರು ವೇದಿಕೆಯ ಎಡಬದಿಯ ಮೇಜಿನ ಹತ್ತಿರ ಬನ್ನಿ, ಒಟ್ಟಿಗೆ ನೋಡೋಣ.